ಕೋಣನ ಕೈಯಲ್ಲಿ ಕಿನ್ನರಿ

ಆ ಗಿಟಾರು ಮನೆಗೆ ಬಂದ ದಿನ ಬಾಗಿಲಲ್ಲೇ ಸಿಕ್ಕಿಹಾಕಿಕೊಂಡಿತು. ಈಚೆ ಪೆಟ್ಟಿಗೆ, ಆಚೆ ಅದನ್ನು ಹೊತ್ತ ತಮ್ಮ, ನಡುವೆ ಬಾಗಿಲ ಚೌಕಟ್ಟು. ಮೂವರಲ್ಲಿ ಯಾರೂ ಸೋಲುವಂತೆ ಕಾಣಲಿಲ್ಲ. ಒಳಗಿನಿಂದ ಭಾವ ಇಣುಕಿ ನೋಡಿ, "ಬೀರು ತಂದ್ಯೇನೋ?" ಎಂದರು. ಭಾವ ಬ್ರೆಡ್ ಸುಡುವ ಭಟ್ಟಿಯಲ್ಲಿ ಕೆಲಸ ಮಾಡುವವರು, ಬಾಯಿ ಬಿಟ್ಟರೆ ಬಿಸಿ ಆರಿಹೋಗುತ್ತದೆ ಎನ್ನುವಂತೆ ಇರುವವರು. ಅಂಥವರನ್ನೂ ಮಾತಾಡಿಸಿತು ಆ ಪೆಟ್ಟಿಗೆ.

"ಬೀರು ಅಲ್ಲ ಭಾವ, ಗಿಟಾರು! ಜಂಬೋ ಅಂತಾರೆ ಇದಕ್ಕೆ. ಇದಕ್ಕಿಂತ ದೊಡ್ಡ ಗಾತ್ರ ಅಂಗಡೀಲೇ ಇಲ್ಲ!"

"ಹೂಂ," ಎಂದರು ಭಾವ, ಪೆಟ್ಟಿಗೆಯನ್ನು ಓರೆ ಮಾಡಿ ಒಳಗೆಳೆದುಕೊಂಡರು.

ತಮ್ಮನ ಗಾತ್ರವೂ ಆ ಪೆಟ್ಟಿಗೆಗೆ ತಕ್ಕಂತೆಯೇ ಇತ್ತು. ಲಿಫ್ಟ್ ರಿಪೇರಿ ಅವನ ಕಸುಬು. ಅವನು ಒಳಗೆ ನಿಂತಿದ್ದರೆ ಜನ, "ನೀವು ಹೋಗಿ, ನಾವು ಮುಂದಿನದಕ್ಕೆ ಬರ್ತೀವಿ" ಎಂದು ಹಿಂದೆ ಸರಿಯುತ್ತಿದ್ದರು. ಅಕ್ಕ ಅವನನ್ನು ಚಿಕ್ಕಂದಿನಿಂದಲೂ ಕರೆದದ್ದು ಕೋಣ ಎಂದೇ. ಬೈಯುವಾಗಲೂ ಕೋಣ, ಮುದ್ದು ಮಾಡುವಾಗಲೂ ಕೋಣ. ಯಾವಾಗ ಯಾವುದು ಎಂಬುದು ಅವನಿಗೆ ಮಾತ್ರ ತಿಳಿಯುತ್ತಿತ್ತು.

ಇನ್ನು ಅಕ್ಕ. ಅವಳ ವಿಷಯ ಹೇಳದಿದ್ದರೆ ಈ ಕತೆ ಹೇಳಿ ಪ್ರಯೋಜನವಿಲ್ಲ. ಹಗಲಿಡೀ ಕನ್ನಡಕದ ಅಂಗಡಿಯಲ್ಲಿ ನಿಂತು, ಬಂದವರ ಮೂಗಿನ ಮೇಲೆ ಒಂದಾದ ಮೇಲೊಂದು ಗಾಜು ಇಟ್ಟು, "ಈಗ ಕಾಣ್ತಾ? ಈಗ?" ಎಂದು ಕೇಳುವುದು ಅವಳ ಕೆಲಸ. ಅಲ್ಲಿ ಬಂದುಹೋಗುವ ಜನರನ್ನು ನೋಡಿ ನೋಡಿ ಹಾಡು ಕಟ್ಟುವುದು ಅವಳ ಹುಚ್ಚು. ಅವಳದು ತಗ್ಗಿನ ದನಿ. ಹೆಣ್ಣು ಹಾಡಿದರೆ ಕೋಗಿಲೆಯಂತಿರಬೇಕು ಎಂದುಕೊಂಡು ಬಂದವರು ಮೊದಲು ಹುಬ್ಬೇರಿಸುತ್ತಿದ್ದರು, ಆಮೇಲೆ ತಮಗೇ ಗೊತ್ತಿಲ್ಲದೆ ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು. ಚೀರುವುದಿಲ್ಲ, ಗಂಟಲಿನ ಕಸರತ್ತು ತೋರಿಸುವುದಿಲ್ಲ. ಪಕ್ಕದಲ್ಲಿ ಕೂತು ಕಷ್ಟಸುಖ ಹೇಳಿಕೊಳ್ಳುವ ಹಾಗೆ ಹಾಡುತ್ತಾಳೆ ಅಷ್ಟೇ. ಆದರೆ ಅಷ್ಟು ಮಾಡಲು ಎಷ್ಟು ಜನರಿಗೆ ಬರುತ್ತದೆ ಹೇಳಿ!

ಗ್ರಂಥಾಲಯದ ಮಹಡಿಯ ಮೇಲೆ ಮಡಚುವ ಕುರ್ಚಿಗಳ ಒಂದು ಹಾಲ್ ಇತ್ತು. ತಿಂಗಳಿಗೊಂದು ಭಾನುವಾರ ಸಂಜೆ ಅಕ್ಕ ಅಲ್ಲಿ ಹಾಡುತ್ತಿದ್ದಳು, ತಮ್ಮ ಪಕ್ಕದಲ್ಲಿ ಕೂತು ಬಾರಿಸುತ್ತಿದ್ದ. ಕೆಳಗೆ ಓದುವವರಿರುತ್ತಾರೆಂದು ಅಲ್ಲಿ ಮೈಕು ಹಾಕಲು ಬಿಡುತ್ತಿರಲಿಲ್ಲ. ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. ತಮ್ಮನ ಹತ್ತಿರ ಇದ್ದದ್ದು ಶಾಲೆಯ ದಿನಗಳ ಹಳೆಯ ಗಿಟಾರು, ಸಾಧಾರಣ ಮೈಕಟ್ಟಿನದು. ಅದರ ಕುತ್ತಿಗೆ ಬಿರುಕು ಬಿಟ್ಟು ಇನ್ನು ಆಗುವುದಿಲ್ಲ ಎಂದಾದ ಮೇಲೆಯೇ ಜಂಬೋ ಬಂದದ್ದು.

ಬಂದದ್ದೇ ತಡ, ಅದರ ಪ್ರತಾಪ ಕೇಳಬೇಕೆ! ತಮ್ಮ ಒಂದು ಸಲ ತಂತಿಗಳ ಮೇಲೆ ಕೈ ಎಳೆದರೆ ಸಾಕು, ಆ ದೊಡ್ಡ ಒಡಲೊಳಗಿಂದ ಗುಂಯ್ ಎಂದು ಸದ್ದು ಹೊರಟು ಅವನ ಎದೆ, ಹೊಟ್ಟೆ, ಕೂತ ಕುರ್ಚಿ ಎಲ್ಲವನ್ನೂ ನಡುಗಿಸುತ್ತಿತ್ತು. ಅದನ್ನು ತಬ್ಬಿಕೊಂಡು ಕೂತರೆ ಅವನಿಗೆ ಲೋಕವೇ ಬೇಡ. ಮೊದಲ ಭಾನುವಾರ ಹಾಡು ಮುಗಿದ ಮೇಲೆ ಜನ ಅವನ ಸುತ್ತ ಮುತ್ತಿದರು. "ಏನ್ ಸೌಂಡ್ ಸಾರ್ ಅದು!" "ಯಾವ ಮರದ್ದು?" "ಒಂದ್ಸಲ ಮುಟ್ಟಿ ನೋಡ್ಲಾ?" ತಮ್ಮ ಎಲ್ಲರಿಗೂ ಮುಟ್ಟಲು ಕೊಟ್ಟ. ಅತ್ತ ಕಡೆ ಒಬ್ಬ ಹೆಂಗಸು ಅಕ್ಕನ ಹತ್ತಿರ ಬಂದು, "ಮುಂದಿನ ಸಲ ಸ್ವಲ್ಪ ಜೋರಾಗಿ ಹಾಡಿ" ಎಂದು ಹೇಳಿಹೋದಳು.

ಅಕ್ಕ ಜೋರಾಗಿ ಹಾಡಲು ನೋಡಿದಳು. ತಿಂಗಳು ಕಳೆದ ಹಾಗೆ ಅವಳ ಕುತ್ತಿಗೆಯ ನರ ಉಬ್ಬಿ ಕಾಣತೊಡಗಿತು. ಭಾನುವಾರ ಹಾಡಿದರೆ ಬುಧವಾರದವರೆಗೂ ಗಂಟಲು ಕಟ್ಟಿಕೊಂಡಿರುತ್ತಿತ್ತು. ಪದ ಕೇಳಿಸಲೆಂದು ಜನ ಮುಂದಿನ ಸಾಲುಗಳಿಗೆ ಬಂದು ಕೂತರು. ಆಮೇಲೆ ಅಲ್ಲಿಯೂ ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಶುರು ಮಾಡಿದರು. ಹಾಡಿನ ನಡುವೆ ಮಾತು! ಅಕ್ಕನ ಹಾಡಿನ ನಡುವೆ ಹಿಂದೆಂದೂ ಯಾರೂ ಕೆಮ್ಮಿದ್ದೂ ಇರಲಿಲ್ಲ.

ಒಂದು ಸಂಜೆ ಪಾತ್ರೆ ಒರೆಸುತ್ತ ಅಕ್ಕ ಹೇಳಿದಳು: "ಬರೋ ಭಾನುವಾರ ನೀನೊಬ್ಬನೇ ಬಾರಿಸು ಕಣೋ. ನಾನು ಇನ್ಮೇಲೆ ಹಾಡಲ್ಲ."

"ಗಂಟಲು ನೋವಾ?"

"ಗಂಟಲಲ್ಲ, ದನೀನೇ ಇಳಿದುಹೋಯ್ತು. ಎಷ್ಟು ದಿನ ಅಂತ ಇರತ್ತೆ? ಇದ್ದಷ್ಟು ದಿನ ಹಾಡಿದ್ದಾಯ್ತು, ಬಿಡು." ಅಷ್ಟು ಹೇಳಿ, ಒರೆಸಿದ ಲೋಟವನ್ನೇ ಮತ್ತೆ ಒರೆಸಲು ತೆಗೆದುಕೊಂಡಳು.

ತಮ್ಮ ಅವಳ ಕೈಯಿಂದ ಆ ಲೋಟ ತೆಗೆದಿಟ್ಟ. ಅಕ್ಕ ಹಾಡುವುದಿಲ್ಲ ಎಂದರೆ ಏನರ್ಥ? ಅಮ್ಮ ತೀರಿಕೊಂಡ ವರ್ಷ ಮನೆಯಲ್ಲಿ ಒಲೆ ಹಚ್ಚಲೂ ಯಾರಿಗೂ ಮನಸ್ಸಿರದಿದ್ದಾಗ ಆ ಮನೆಯನ್ನು ಮತ್ತೆ ಮನೆ ಮಾಡಿದ್ದು ಇವಳ ಹಾಡು. ಅವನು ಗಿಟಾರು ಕಲಿತದ್ದೂ ಅವಳ ಪಕ್ಕದಲ್ಲಿ ಕೂರಲು ಒಂದು ನೆಪ ಬೇಕಿತ್ತು ಎಂದೇ. ಅವಳೇ ಹಾಡದಿದ್ದರೆ ಇವನು ಬಾರಿಸಿ ಯಾರ ಮನೆ ಉದ್ಧಾರ ಮಾಡಬೇಕಿತ್ತು?

ರಾತ್ರಿಯೆಲ್ಲ ಹೊರಳಾಡಿ ಅವನು ಒಂದು ಉಪಾಯ ಕಂಡುಕೊಂಡ. ಉಪಾಯವೇನೋ ಕಂಡುಕೊಂಡ, ಆದರೆ ಕೋಣ ಕೋಣವೇ. ಅಕ್ಕನ ದನಿ ಇಳಿದಿದೆ, ಸರಿ. ಹಾಗಾದರೆ ಗಿಟಾರಿನ ದನಿ ಇನ್ನಷ್ಟು ಏರಿಸಿಬಿಟ್ಟರೆ? ಎಲ್ಲಾ ಸದ್ದೂ ತುಂಬಿಕೊಂಡಿದ್ದರೆ ಅವಳ ದನಿ ಎಲ್ಲಿ ಕುಸಿಯುತ್ತದೆಂದು ಯಾರಿಗೂ ತಿಳಿಯುವುದಿಲ್ಲ. ಮಾನ ಉಳಿಯುತ್ತದೆ, ಅವಳು ಹಾಡುತ್ತಾಳೆ! ಬೆಳಗಾಗುತ್ತಲೇ ಜಂಬೋವನ್ನು ಬೆನ್ನಿಗೆ ಹಾಕಿಕೊಂಡು ಮರದಮ್ಮನ ಶೆಡ್ಡಿಗೆ ಹೊರಟ.

ಮರದಮ್ಮ ಎಂದರೆ ಗಿಟಾರು ಮಾಡುವವಳು. ಅವಳ ನಿಜವಾದ ಹೆಸರು ಅವಳಿಗೂ ಮರೆತಿತ್ತೋ ಏನೋ. ಹಿಂದೆ ಬಸ್ಸು ನಿಲ್ಲಿಸುತ್ತಿದ್ದ ಉದ್ದನೆಯ ಶೆಡ್ಡು, ಅದರ ತುಂಬ ಮರದ ಹಲಗೆ, ಅಂಟಿನ ವಾಸನೆ, ಕಾಲಿಟ್ಟಲ್ಲೆಲ್ಲ ಉಳಿಯಿಂದ ಹಾರಿದ ಸಿಪ್ಪೆ. ಅರವತ್ತು ದಾಟಿದ ಹೆಂಗಸು, ಬಾಯಿ ಮಾತ್ರ ಹದಿನಾರರದ್ದು. ತನ್ನಷ್ಟು ಚೆನ್ನಾಗಿ ಗಿಟಾರು ಮಾಡುವವರು ಯಾರೂ ಇಲ್ಲ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಕೇಳಿದವರಿಗೆ ಸಿಟ್ಟು ಬರುತ್ತಿತ್ತು, ಆದರೆ ಅಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ. ಏಕೆಂದರೆ ಮಾತು ನಿಜವಾಗಿತ್ತು.

ಅವಳ ಶೆಡ್ಡಿನಲ್ಲಿ ಒಂದು ಕಟ್ಟುನಿಟ್ಟು. ಕೊಳ್ಳಲು ಬಂದವರು ಯಾರೇ ಇರಲಿ, ಮೊದಲು ಗಿಟಾರು ಮುಟ್ಟುವಂತಿಲ್ಲ. ಶೆಡ್ಡಿನ ಆ ತುದಿಯಲ್ಲಿ ಒಂದು ಮರದ ಕುರ್ಚಿ; ಹೋಗಿ ಅಲ್ಲಿ ಕೂರಬೇಕು. ಈ ತುದಿಯಲ್ಲಿ ಕೂತು ಅವಳು ಬಾರಿಸುತ್ತಾಳೆ. ಅಲ್ಲಿಂದ ಕೇಳಿ ಒಪ್ಪಿದ ಮೇಲೆಯೇ ಕೈಗೆ ಸಿಗುವುದು. ದೊಡ್ಡ ದೊಡ್ಡವರೂ ಆ ಕುರ್ಚಿಯಲ್ಲಿ ಕೈಕಟ್ಟಿ ಕೂತು ಹೋಗಿದ್ದರು.

ತಮ್ಮ ತನ್ನ ಉಪಾಯ ಹೇಳಿದ. "ಇನ್ನೂ ದಪ್ಪ ತಂತಿ ಹಾಕಿಕೊಡಿ ಅಮ್ಮ. ಒಳಗೆ ಏನಾದ್ರೂ ಕೆತ್ತಿ ಸದ್ದು ಜಾಸ್ತಿ ಮಾಡೋಕಾಗತ್ತಾ ನೋಡಿ. ನಮ್ಮಕ್ಕನ ದನಿ ಇಳಿದಿದೆ, ಜನಕ್ಕೆ ಗೊತ್ತಾಗಬಾರದು."

ಮರದಮ್ಮ ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು. ಕನ್ನಡಕದ ಒಂದು ಕಾಲು ಮುರಿದಿತ್ತು, ಅದನ್ನು ಗಿಟಾರಿನ ತಂತಿಯಿಂದ ಕಟ್ಟಿಕೊಂಡಿದ್ದಳು. "ಇದನ್ನ ತಗೊಳ್ಳುವಾಗ ಎದುರಿಗೆ ಕೂತು ಕೇಳಿದ್ಯಾ?"

"ಇಲ್ಲ. ಅಂಗಡೀಲಿ ನಾನೇ ತೊಡೆ ಮೇಲಿಟ್ಕೊಂಡು ಬಾರಿಸಿ ನೋಡಿದೆ."

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನೀನು ಹೆರಲೂ ಇಲ್ಲ, ತಬ್ಕೊಂಡಿದ್ದಕ್ಕೇ ಮುದ್ದು ಬಂದುಬಿಡ್ತಾ? ಮಹಾರಾಯ, ಗಿಟಾರು ತಬ್ಕೊಂಡವನಿಗೆ ಒಂದು ಥರ ಕೇಳತ್ತೆ, ಎದುರು ಕೂತವನಿಗೆ ಇನ್ನೊಂದು ಥರ. ದುಡ್ಡು ಕೊಟ್ಟವನು ನೀನಿರಬಹುದು, ಕೇಳಿಸಿಕೊಳ್ಳೋರು ಬೇರೆಯವರು ತಾನೇ?"

ಗೋಡೆಯ ಮೇಲೆ ಮೂರು ಗಿಟಾರು ನೇತಾಡುತ್ತಿದ್ದವು, ಮೂರು ಗಾತ್ರದವು. ಮರದಮ್ಮ ಅವಕ್ಕೆ ಅಂಗಡಿಯವರು ಇಟ್ಟ ಹೆಸರು ಬಿಟ್ಟು ತನ್ನದೇ ಹೆಸರು ಇಟ್ಟಿದ್ದಳು. ಎಲ್ಲಕ್ಕಿಂತ ದೊಡ್ಡದು ಬೀಗರು, ನಡುವಿನದು ಸೊಸೆ, ಚಿಕ್ಕದು ಮೊಮ್ಮಗಳು.

"ನಿನ್ನ ಜಂಬೋನೂ ಬೀಗರ ಜಾತೀದೇ," ಎಂದಳು. "ಒಳಗೆ ಗಾಳಿ ಜಾಸ್ತಿ, ಮುಂದಿನ ಹಲಗೆ ಅಗಲ. ಅದಕ್ಕೇ ತಗ್ಗಿನ ಸದ್ದು ಗುಂಯ್ ಅಂತ ಏಳತ್ತೆ. ಬೀಗರು ಬಂದ್ರೆ ಮನೆ ತುಂಬತ್ತೆ, ಸಂತೋಷಾನೇ. ಹತ್ತು ಜನ ಒಟ್ಟಿಗೆ ಹಾಡೋ ಕಡೆ, ಬಯಲಲ್ಲಿ, ಇದನ್ನ ಬಿಟ್ರೆ ಇಲ್ಲ. ಆದ್ರೆ ಬೀಗರು ಕೂತಿರೋ ಕಡೆ ಮನೆಯವರಿಗೆ ಮಾತಾಡೋಕೆ ಜಾಗ ಎಲ್ಲಿರತ್ತೆ?"

"ನಾನು ಮೆಲ್ಲಗೆ ಬಾರಿಸಿದ್ರೆ?"

"ಮೆಲ್ಲಗೆ ಬಾರಿಸಿದ್ರೆ ಅದು ಏಳೋದೇ ಇಲ್ಲ. ಅಷ್ಟಗಲದ ಹಲಗೆ ಬೆರಳ ತುದಿಗೆ ಬಗ್ಗತ್ತಾ? ಜೋರಾಗಿ ಬಾರಿಸಿದ್ರೆ ಗುಡುಗು, ಮೆಲ್ಲಗೆ ಬಾರಿಸಿದ್ರೆ ಮಂಕು." ಅವಳು ಚಿಕ್ಕದನ್ನು ಕೆಳಗಿಳಿಸಿದಳು. ಸೊಂಟ ಸಣ್ಣ, ಬೆನ್ನು ತೆಳು. ತಮ್ಮನ ಜಂಬೋ ಪಕ್ಕ ಇಟ್ಟರೆ ಆಟದ ಸಾಮಾನು. ಅವಳು ಒಂದೇ ಬೆರಳಿನಿಂದ ಒಂದೇ ತಂತಿ ಮುಟ್ಟಿದಳು. ಸ್ವರ ಚಿಮ್ಮಿ ಬಂತು, ಸ್ಪಷ್ಟವಾಗಿ, ಅಂಚು ಸವೆಯದ ಹಾಗೆ. "ನೋಡು. ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು. ಹಲಗೆ ಚಿಕ್ಕದು, ಹಗುರ, ಮುಟ್ಟಿದ್ರೆ ಮಾತಾಡತ್ತೆ. ಗುಂಯ್ ಅನ್ನಲ್ಲ, ಆದ್ರೆ ಹೇಳೋದನ್ನ ಹೇಳಿ ಮುಗಿಸತ್ತೆ. ನಿಮ್ಮಕ್ಕನ ದನಿ ಹೇಗೆ? ಮೇಲಿನದಾ, ತಗ್ಗಿನದಾ?"

"ತಗ್ಗಿನದು."

ಮರದಮ್ಮ ಚಿಕ್ಕ ಗಿಟಾರನ್ನು ಮತ್ತೆ ಗೋಡೆಗೆ ಹಾಕಿದಳು. "ನಾಳೆ ಅವಳನ್ನ ಕರ್ಕೊಂಡು ಬಾ," ಎಂದಳು. "ಏನಾದ್ರೂ ಹೇಳಿ ಕರ್ಕೊಂಡು ಬಾ."

ಹೇಳಲು ಸುಳ್ಳು ಹುಡುಕಬೇಕಾಗಲಿಲ್ಲ, ಕನ್ನಡಕದ ಮುರಿದ ಕಾಲು ಇತ್ತಲ್ಲ. ಮರುದಿನ ಸಂಜೆ ಅಕ್ಕ ತನ್ನ ಸಣ್ಣ ಸ್ಕ್ರೂಡ್ರೈವರುಗಳ ಡಬ್ಬಿ ಹಿಡಿದು ಬಂದಳು. ತಂತಿ ಕಟ್ಟಿದ ಕನ್ನಡಕ ನೋಡಿ, "ಅಯ್ಯೋ, ಇದರಲ್ಲಿ ಇಷ್ಟು ದಿನ ಹೇಗೆ ನೋಡ್ತಿದ್ರಿ?" ಎಂದು ಅಲ್ಲೇ ಕೂತು ಹೊಸ ಕಾಲು ಜೋಡಿಸಿ, ಮೂಗಿನ ಮೇಲೆ ಇಟ್ಟು, ಎರಡೂ ಕಿವಿಯ ಹಿಂದೆ ಬೆರಳಾಡಿಸಿ ಸರಿಪಡಿಸಿದಳು. ಮರದಮ್ಮ ಕತ್ತು ಆಡಿಸಿ ನೋಡಿದಳು, ಕನ್ನಡಕ ಜಾರಲಿಲ್ಲ. "ಕೈ ಅಂದ್ರೆ ಇದು," ಎಂದಳು. ಅವಳ ಬಾಯಲ್ಲಿ ಬೇರೆಯವರ ಹೊಗಳಿಕೆ ತಮ್ಮ ಅದೇ ಮೊದಲು ಕೇಳಿದ್ದು.

"ಈಗ ನಂಗೊಂದು ಹಾಡು ಹೇಳಿಹೋಗು ಮಗಳೇ."

ಅಕ್ಕ ತಮ್ಮನ ಕಡೆ ತಿರುಗಿ ಕಣ್ಣು ಬಿಟ್ಟಳು. ಆದರೆ ಹಿರಿಯರು ಕೇಳಿದರೆ ಇಲ್ಲ ಎನ್ನುವ ಅಭ್ಯಾಸ ಅವಳಿಗಿರಲಿಲ್ಲ. ಮರದಮ್ಮ ತಮ್ಮನ ಜಂಬೋ ಎತ್ತಿಕೊಂಡಳು. ತಮ್ಮನಿಗೆ ಆ ತುದಿಯ ಕುರ್ಚಿ ತೋರಿಸಿದಳು. "ಹೋಗು. ಬಾಯಿ ಮುಚ್ಕೊಂಡು ಕೂತ್ಕೋ."

ಅಕ್ಕ ಹಾಡಿದ್ದು ಎಲೆಯ ಹಾಡು. ಕನ್ನಡಕ ಹಾಕಿಕೊಂಡು ಅಂಗಡಿಯಿಂದ ಹೊರಗೆ ಕಾಲಿಟ್ಟ ಪುಟ್ಟ ಹುಡುಗಿಯೊಬ್ಬಳು, ಹಸಿರು ಮುದ್ದೆಯಂತಿದ್ದ ಮರದಲ್ಲಿ ಮೊದಲ ಬಾರಿಗೆ ಬಿಡಿ ಬಿಡಿ ಎಲೆ ಕಂಡು, ಅಲ್ಲೇ ಫುಟ್‌ಪಾತಿನ ಮೇಲೆ ನಿಂತುಬಿಟ್ಟಿದ್ದಳಂತೆ. ಅದರ ಮೇಲೆ ಕಟ್ಟಿದ ಹಾಡು. ತಮ್ಮ ಅದನ್ನು ನೂರಾರು ಸಲ ಬಾರಿಸಿದ್ದ. ಒಂದು ಸಲವೂ ಎದುರಿಗೆ ಕೂತು ಕೇಳಿರಲಿಲ್ಲ.

ಮರದಮ್ಮ ಅವನು ಬಾರಿಸುವ ಹಾಗೆಯೇ ಬಾರಿಸಿದಳು. ಗುಂಯ್ ಎಂದು ಶೆಡ್ಡು ತುಂಬಿತು. ಅದರ ನಡುವೆ ಅಕ್ಕ ಬಾಯಿ ತೆರೆದಳು. ತಮ್ಮ ಮುಂದಕ್ಕೆ ಬಾಗಿದ. ತುಟಿ ಆಡುತ್ತಿತ್ತು, ಕುತ್ತಿಗೆಯ ನರ ಉಬ್ಬಿತ್ತು, ಆದರೆ ದನಿ? ದನಿ ಅಲ್ಲೆಲ್ಲೋ ಇತ್ತು, ಕಂಬಳಿ ಹೊದ್ದು ಮಾತಾಡಿದ ಹಾಗೆ. ಅವಳ ದನಿ ಹುಟ್ಟುವ ತಗ್ಗಿನ ಜಾಗದಲ್ಲೇ ಗಿಟಾರಿನ ಗುಂಯ್ ಸದ್ದು ಕಾಲು ಚಾಚಿ ಕೂತಿತ್ತು. ಪದ ಒಂದೂ ಇವನ ತನಕ ಬರಲಿಲ್ಲ. ಎಲೆಯೂ ಇಲ್ಲ, ಹುಡುಗಿಯೂ ಇಲ್ಲ. ಬರೀ ಹಸಿರು ಮುದ್ದೆ.

ಮರದಮ್ಮ ನಿಲ್ಲಿಸಿದಳು. ಜಂಬೋ ಪಕ್ಕಕ್ಕಿಟ್ಟು ಮೊಮ್ಮಗಳನ್ನು ಎತ್ತಿಕೊಂಡು, "ಇನ್ನೊಂದ್ಸಲ" ಎಂದಳು.

ಈ ಸಲ ಗಿಟಾರು ಬೆರಳ ತುದಿಯಲ್ಲಿ ಮಾತಾಡಿತು. ಒಂದೊಂದೇ ಸ್ವರ ಮೇಲಿನಿಂದ ಬಿದ್ದು ಸರಿದು ನಿಂತಿತು, ಕೆಳಗೆ ಜಾಗ ಖಾಲಿ ಬಿಟ್ಟು. ಆ ಜಾಗಕ್ಕೆ ಅಕ್ಕನ ದನಿ ಬಂತು. ಜೋರು ಮಾಡದೆ, ನರ ಉಬ್ಬಿಸದೆ, ಹಿಂದೆ ಅಡುಗೆಮನೆಯಲ್ಲಿ ಹಾಡುತ್ತಿದ್ದ ಹಾಗೆಯೇ. "ಎಲೆಗೊಂದು ಅಂಚುಂಟು, ಅಂಚಿಗೊಂದು ಬೆಳಕುಂಟು" ಎನ್ನುವಾಗ ಅವಳು ಉಸಿರು ಎಳೆದುಕೊಂಡದ್ದೂ ಅವನಿಗೆ ಆ ತುದಿಯಲ್ಲಿ ಕೇಳಿಸಿತು. ಅವನ ಅಕ್ಕನ ದನಿ ಎಲ್ಲಿಗೂ ಇಳಿದಿರಲಿಲ್ಲ. ಇದ್ದ ಜಾಗದಲ್ಲೇ ಇತ್ತು, ಹಿಂದಿಗಿಂತಲೂ ಪಕ್ವವಾಗಿತ್ತು, ಅಷ್ಟು ತಿಂಗಳು ಅದರ ಮೇಲೆ ಹತ್ತಿ ಕೂತಿದ್ದವನು ಇವನೇ.

ಕೋಣನ ಕಣ್ಣಲ್ಲಿ ದಳದಳ ನೀರು. ಮರದಮ್ಮ ಅದನ್ನು ನೋಡಿ ಮೃದುವಾದಳೆಂದುಕೊಂಡೀರಿ, ಅದೆಲ್ಲ ಅವಳಿಗೆ ಗೊತ್ತಿಲ್ಲ. "ಕೋಣನ ಮುಂದೆ ಕಿನ್ನರಿ ಬಾರಿಸಬೇಡ ಅಂತಾರೆ," ಎಂದಳು ಅಕ್ಕನಿಗೆ. "ನಿಮ್ಮನೇಲಿ ಕೋಣನ ಕೈಗೇ ಕಿನ್ನರಿ ಕೊಟ್ಟಿದೀರಲ್ಲ! ತಗೋ ಅಪ್ಪಾ, ಇದನ್ನ ತಗೊಂಡು ಹೋಗು. ಭಾನುವಾರ ಮುಗಿಸಿ ತಂದುಕೊಡು. ಗೀರು ಬಿದ್ರೆ ನಿನ್ನ ಚರ್ಮ ಸುಲಿದು ಪೆಟ್ಟಿಗೆ ಮಾಡ್ತೀನಿ."

ದಾರಿಯುದ್ದಕ್ಕೂ ಅಕ್ಕ ಮಾತಾಡಲಿಲ್ಲ. ಸಂತೋಷಕ್ಕೆ ಮಾತು ಬರುತ್ತಿಲ್ಲ ಎಂದುಕೊಂಡ ತಮ್ಮ. ಮನೆಗೆ ಬಂದು ಚಪ್ಪಲಿ ಬಿಟ್ಟವಳೇ, "ಅದನ್ನ ನಾಳೆ ವಾಪಸ್ ಕೊಟ್ಟು ಬಾ," ಎಂದಳು.

"ಯಾಕೆ?"

"ಭಾನುವಾರ ನೀನು ಜಂಬೋನೇ ಬಾರಿಸು. ಒಬ್ಬನೇ ಬಾರಿಸು."

"ಅಕ್ಕ, ನಿಂಗೆ ಅರ್ಥ ಆಗ್ಲಿಲ್ವಾ? ನಿನ್ನ ದನಿ ಇಳಿದೇ ಇಲ್ಲ! ನಾನು ಮುಚ್ಚಿಹಾಕ್ತಿದ್ದೆ ಕಣಕ್ಕ, ನಾನು!"

"ಗೊತ್ತು."

"ಗೊತ್ತಾ? ಯಾವಾಗಿಂದ?"

"ಮೊದಲ ಭಾನುವಾರದಿಂದ. ಹಾಡೋಳು ನಾನು ತಾನೇ? ನನ್ನ ದನಿ ಎಲ್ಲಿಗೆ ಹೋಗ್ತಿದೆ, ಎಲ್ಲಿ ಹೋಗ್ತಿಲ್ಲ ಅಂತ ನಂಗೆ ತಿಳಿಯಲ್ವಾ?"

"ಮತ್ತೆ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ? ನಿಂಗೆ ನಾನು ಬೇರೆಯವನಾ?"

ಅಕ್ಕ ಗೋಡೆಗೆ ಒರಗಿ ನಿಂತಳು. "ಚಿಕ್ಕಂದಿನಿಂದ ನನ್ನ ಪಕ್ಕದಲ್ಲಿ ಕೂತು ಬಾರಿಸಿದೀಯ. ಒಂದು ದಿನ ಯಾರಾದ್ರೂ ನಿನ್ನ ಹತ್ರ ಬಂದು ಚೆನ್ನಾಗಿತ್ತು ಅಂದಿದ್ರಾ? ಎಲ್ಲರೂ ನನ್ನ ಹತ್ರ ಬರೋರು, ನೀನು ಹಿಂದೆ ಕುರ್ಚಿ ಮಡಚ್ತಾ ಇರ್ತಿದ್ದೆ. ಆ ಭಾನುವಾರ ಎಲ್ಲ ನಿನ್ನ ಸುತ್ತ ನಿಂತಿದ್ರು. ಕಿವಿ ತನಕ ಹಲ್ಲು ಬಿಟ್ಕೊಂಡು ಎಲ್ಲರಿಗೂ ಗಿಟಾರು ಮುಟ್ಟೋಕೆ ಕೊಡ್ತಿದ್ದೆ. ಆ ಮುಖ ನೋಡಿದ ಮೇಲೆ ನಾನು ಯಾವ ಬಾಯಲ್ಲಿ ಹೇಳಲಿ? ನಂಗೆ ಸಾಕಷ್ಟು ಸಿಕ್ಕಿದೆ ಕಣೋ. ಇನ್ನು ಸ್ವಲ್ಪ ದಿನ ನಿಂಗೆ ಸಿಗಲಿ."

ತಮ್ಮನಿಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಎಂಥ ಸಿಟ್ಟೆಂದರೆ ಅವನ ಕಿವಿಗಳು ಕೆಂಪಾದವು. "ಬಸ್ಸಲ್ಲಿ ಮುದುಕರಿಗೆ ಸೀಟು ಬಿಟ್ಕೊಡೋ ಹಾಗೆ ಹಾಡು ಬಿಟ್ಕೊಡ್ತೀಯಾ? ನಾನು ಕೇಳಿದ್ನಾ ನಿನ್ನ ಸೀಟು? ನಿನ್ನ ದನಿ ತಿಂದು ಸಿಕ್ಕಿದ ಚಪ್ಪಾಳೆ ನಂಗೆ ಅರಗತ್ತಾ?"

"ಕೂಗಬೇಡ. ನಾನು ಹಾಡಲ್ಲ ಅಂದ್ರೆ ಹಾಡಲ್ಲ."

"ನಾನೂ ಜಂಬೋ ಮುಟ್ಟಲ್ಲ ಅಂದ್ರೆ ಮುಟ್ಟಲ್ಲ!"

ಒಳಗಿನ ಕೋಣೆಯಿಂದ ಭಾವನ ದನಿ ಬಂತು. "ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತು ಅಂತಾರೆ. ಇಲ್ಲಿ ಎತ್ತೇ ಇಲ್ಲ. ಎರಡೂ ಕೋಣ." ವರ್ಷಕ್ಕಾಗುವಷ್ಟು ಮಾತಾಡಿ ಮುಗಿಸಿ ಅವರು ಮಗ್ಗುಲು ಬದಲಿಸಿದರು.

ಆ ವಾರ ಅಕ್ಕ ತಮ್ಮ ಮಾತು ಬಿಟ್ಟರು. ತಮ್ಮ ಮಧ್ಯಾಹ್ನದ ಬಿಡುವಿನಲ್ಲಿ ಕಟ್ಟಡಗಳ ತಾರಸಿಯ ಮೇಲಿರುವ ಲಿಫ್ಟ್ ಮೋಟಾರಿನ ಕೋಣೆಗೆ ಚಿಕ್ಕ ಗಿಟಾರು ಒಯ್ದು ಕೂರುತ್ತಿದ್ದ. ಗ್ರೀಸು ಹತ್ತಿದ ಕೈ ಮೂರು ಸಲ ತೊಳೆದು ಮುಟ್ಟುತ್ತಿದ್ದ. ಮೊದಮೊದಲು ಅವನ ದಪ್ಪ ಬೆರಳು ಒಂದು ತಂತಿ ಒತ್ತಲು ಹೋಗಿ ಎರಡು ಒತ್ತುತ್ತಿತ್ತು. ರಟ್ಟೆಯ ಬಲದಿಂದ ಬಾರಿಸಿ ರೂಢಿಯಾದವನು ಬೆರಳ ತುದಿಯಿಂದ ಬಾರಿಸುವುದನ್ನು ಹೊಸದಾಗಿ ಕಲಿಯಬೇಕಾಯಿತು. ಜೋರು ಮಾಡಿದರೆ ಆ ಪುಟ್ಟ ಒಡಲು ಗದರಿದ ಹಾಗೆ ಕರಕರ ಎನ್ನುತ್ತಿತ್ತು; ಮೆಲ್ಲಗೆ ಮುಟ್ಟಿದರೆ, ಅಬ್ಬಾ, ಎಷ್ಟು ಮೆಲ್ಲಗೆ ಮುಟ್ಟಿದರೂ ಉತ್ತರ ಕೊಡುತ್ತಿತ್ತು! ಇಷ್ಟು ಸಣ್ಣ ಮೈಯಲ್ಲಿ ಇಷ್ಟೊಂದು ತಿಳಿವಳಿಕೆ ಇಟ್ಟ ಮರದಮ್ಮನಿಗೆ ಅವನು ಆ ಮೋಟಾರು ಕೋಣೆಯಲ್ಲೇ ಕೈ ಮುಗಿದ.

ಭಾನುವಾರ ಬಂತು. ಅಕ್ಕ ಬೆಳಗಿನಿಂದ ಬಟ್ಟೆ ಇಸ್ತ್ರಿ ಮಾಡುತ್ತ ಕೂತಿದ್ದಳು, ಇಸ್ತ್ರಿ ಮಾಡಿದ್ದನ್ನೇ ಮತ್ತೆ ಮಾಡುತ್ತ. ತಮ್ಮ ಕರೆಯಲಿಲ್ಲ. ಕರೆದರೆ ಮತ್ತೆ ಜಗಳವೇ. ಜಂಬೋವನ್ನು ಮನೆಯಲ್ಲೇ ಬಿಟ್ಟು ಒಬ್ಬನೇ ಹೋದ.

ಅವನು ಚಿಕ್ಕ ಗಿಟಾರನ್ನು ತೊಡೆಯ ಮೇಲಿಟ್ಟು ಕೂತಾಗ ಮುಂದಿನ ಸಾಲಿನಲ್ಲೇ ನಗು ಎದ್ದಿತು. "ಏನ್ ಸಾರ್, ಒಗೆದಾಗ ಕುಗ್ಗಿಬಿಡ್ತಾ?" ಎಂದ ಒಬ್ಬ. ಇನ್ನೊಬ್ಬರು, "ಅಕ್ಕ ಬಂದಿಲ್ವಾ?" ಎಂದರು. ಅವನು ತಲೆ ಬಗ್ಗಿಸಿ ತಂತಿಗಳ ಶ್ರುತಿ ಕೂಡಿಸಿದ. ಹಾಲಿನ ಬಾಗಿಲು ತೆರೆಯಿತು. ಭಾವ ಒಳಗೆ ಬಂದರು, ಅವರ ಹಿಂದೆ ಅಕ್ಕ. ಇಬ್ಬರೂ ಕೊನೆಯ ಸಾಲಿನಲ್ಲಿ ಕೂತರು. ಅವಳು ಕೈಚೀಲವನ್ನು ಮಡಿಲಲ್ಲಿಟ್ಟು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಕೇಳಲು ಬಂದವಳ ಹಾಗೆ. ತಮ್ಮನ ಕೈಯಲ್ಲಿದ್ದ ಗಿಟಾರು ಕಂಡು ಅವಳು ಮುಖ ಸಿಂಡರಿಸಿದಳು.

ತಮ್ಮ ಎಲೆಯ ಹಾಡಿನ ಪೀಠಿಕೆ ಬಾರಿಸಿದ. ಹಾಡು ಶುರುವಾಗುವ ಜಾಗ ಬಂತು. ಅಲ್ಲಿ ಅವನು ರಾಗ ನುಡಿಸಬಹುದಿತ್ತು, ಒಬ್ಬನೇ ಬಾರಿಸುವವರು ಹಾಗೆಯೇ ಮಾಡುತ್ತಾರೆ. ನುಡಿಸಲಿಲ್ಲ. ಅಕ್ಕ ಹಾಡುವಾಗ ಪಕ್ಕದಲ್ಲಿ ಏನು ಬಾರಿಸಬೇಕೋ ಅಷ್ಟನ್ನೇ ಬಾರಿಸಿದ. ಅವಳ ಜಾಗ ಹಾಗೇ ಖಾಲಿ ಬಿಟ್ಟ. ಚರಣ ಮುಗಿಯಿತು. ಮತ್ತೆ ಪೀಠಿಕೆಗೆ ಬಂದ, ಮತ್ತೆ ಖಾಲಿ ಬಿಟ್ಟ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಕುರ್ಚಿ ಸರಿಸಿದರು. "ಮರೆತುಹೋಯ್ತಾ?" ಎಂದು ಪಿಸುಗುಟ್ಟಿದ್ದು ಅವನಿಗೂ ಕೇಳಿಸಿತು. ಇದೊಂದನ್ನು ಬಿಟ್ಟು ಅವಳಿಗೆ ಹೇಳಲು ಅವನಿಗೆ ಬೇರೆ ಭಾಷೆ ಬರುತ್ತಿರಲಿಲ್ಲ. ಮೂರನೆಯ ಸಲ ಪೀಠಿಕೆ ಎತ್ತಿಕೊಂಡ. ಅವಳು ಬಾರದಿದ್ದರೆ ನಾಲ್ಕನೆಯ ಸಲವೂ, ದೀಪ ಆರಿಸಿ ಬಾಗಿಲು ಹಾಕುವವರೆಗೂ ಬಾರಿಸುವುದೆಂದು ನಿಶ್ಚಯಿಸಿದ.

"ಎಲೆಗೊಂದು ಅಂಚುಂಟು..."

ಕೊನೆಯ ಸಾಲಿನಿಂದ ಬಂತು. ಜೋರಾಗಿರಲಿಲ್ಲ. ಕೂತಲ್ಲಿಂದಲೇ, ಕೈಚೀಲ ಮಡಿಲಲ್ಲೇ ಇಟ್ಟುಕೊಂಡು ಹಾಡಿದ್ದಳು. ಅಷ್ಟೂ ತಲೆಗಳು ಒಮ್ಮೆಗೇ ಹಿಂದಕ್ಕೆ ತಿರುಗಿದವು, ಆಮೇಲೆ ಯಾವ ಕುರ್ಚಿಯೂ ಅಲ್ಲಾಡಲಿಲ್ಲ. ಅಷ್ಟು ದೂರದಿಂದ ಒಂದೊಂದು ಪದವೂ ತಮ್ಮನ ಹತ್ತಿರ ನಡೆದು ಬಂತು. ಗಿಟಾರಿನ ಸ್ವರ ಅದಕ್ಕೆ ಕೈ ಕೊಟ್ಟು ಪಕ್ಕಕ್ಕೆ ನಿಂತಿತು. ಭಾವ ಅವಳ ಮಡಿಲಿನಿಂದ ಕೈಚೀಲ ತೆಗೆದುಕೊಂಡರು. ಅಕ್ಕ ಎದ್ದಳು, ಹಾಡುತ್ತಲೇ ಕುರ್ಚಿಗಳ ನಡುವಿನ ದಾರಿಯಲ್ಲಿ ಮುಂದೆ ಬಂದಳು. ಅವಳ ಕಣ್ಣು ಒದ್ದೆಯಾಗಿತ್ತು, ದನಿ ಆಗಿರಲಿಲ್ಲ. ನನ್ನ ಅಕ್ಕ, ಎಂದುಕೊಂಡ ತಮ್ಮ, ಇವಳು ನನ್ನ ಅಕ್ಕ. ಹೆಮ್ಮೆಗೆ ಎದೆ ಬಿರಿಯುತ್ತದೆ ಎನ್ನುವುದು ಬರೀ ಮಾತಲ್ಲ ಎಂದು ಅವನಿಗೆ ಅವತ್ತು ತಿಳಿಯಿತು.

ಮೊದಲ ಚರಣ ಮುಗಿಯುವ ಹೊತ್ತಿಗೆ ಅವಳು ಅವನ ಪಕ್ಕಕ್ಕೆ ಬಂದು ನಿಂತಿದ್ದಳು. ಎರಡು ಚರಣಗಳ ನಡುವಿನ ಬಿಡುವಿನಲ್ಲಿ ಅವನ ಕಿವಿಯ ಹತ್ತಿರ ಬಾಗಿದಳು.

"ಓಡ್ತಿದೀಯ ಕಣೋ ಕೋಣ. ನಿಧಾನ."

ತಮ್ಮ ನಿಧಾನಿಸಿದ. ಅಕ್ಕ ಉಸಿರೆಳೆದುಕೊಂಡು ಎರಡನೆಯ ಚರಣ ಎತ್ತಿದಳು.